ಹೊಸ ಕಂಪ್ಯೂಟರಿಗೆ ಹಳೆಯ ಎಕ್ಸ್‌ಪಿ

2007ರಿಂದ ಹೆಚ್ಚುಕಡಿಮೆ 2015ರವರೆಗೆ ಕರ್ನಾಟಕದ ತಾಲ್ಲೂಕು ಪಟ್ಟಣಗಳ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಅಂಗಡಿಗಳಲ್ಲಿ ಒಂದು ರೂಢಿ ಬೇರೂರಿತ್ತು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದರೆ ಅರಿಸಿನ-ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆ ಮಾಡುವ ಮೊದಲ ಕೆಲಸವೆಂದರೆ ಅದರೊಳಗಿದ್ದ ಹೊಸ ವಿಂಡೋಸನ್ನು ಅಳಿಸುವುದು. ವಿಸ್ತಾ ಬಂದಿದ್ದರೆ ವಿಸ್ತಾ ಹೋಗುತ್ತಿತ್ತು, ವಿಂಡೋಸ್ 7 ಬಂದಿದ್ದರೆ ಅದೂ ಹೋಗುತ್ತಿತ್ತು. ಆ ಜಾಗದಲ್ಲಿ 2001ರ ವಿಂಡೋಸ್ ಎಕ್ಸ್‌ಪಿ ಬಂದು ಕೂರುತ್ತಿತ್ತು. ರಾಯಚೂರು, ಮಾನ್ವಿ, ದೇವದುರ್ಗದ ಕಡೆಯ ಮಾತಿನಲ್ಲಿ ಹೇಳುವುದಾದರೆ, ‘ಸಿಸ್ಟಂ ಫಾರ್ಮ್ಯಾಟ್ ಹೊಡೆದು ಎಕ್ಸ್‌ಪಿ ಹಾಕ್ರಿ’ ಎನ್ನುವುದು ಮೆಕ್ಯಾನಿಕ್‌ಗೆ ಹೋಗುವ ಮೊದಲ ಕರೆ.

ದುಡ್ಡು ಕೊಟ್ಟು ಕೊಂಡ ಹೊಸದನ್ನು ತೆಗೆದು ಎಷ್ಟೋ ವರ್ಷ ಹಳೆಯದನ್ನು ಹಾಕಿಸಿಕೊಂಡ ಈ ಜನ ಹೊಸತಿಗೆ ಹೆದರಿದವರಲ್ಲ. ಕಂಪ್ಯೂಟರ್ ಎಂಬುದನ್ನೇ ತಮ್ಮ ಊರಿಗೆ ಮೊದಲು ತಂದವರು ಅವರು. ಅವರನ್ನು ಹಿಂದಕ್ಕೆ ಎಳೆದದ್ದು ಕನ್ನಡದ ಅಕ್ಷರ. ಆ ಅಕ್ಷರಗಳನ್ನು ಯಂತ್ರದೊಳಗೆ ಹೇಗೆ ಕೂಡಿಡಲಾಗಿತ್ತು ಎನ್ನುವುದರಲ್ಲಿ ಈ ರೂಢಿಯ ಬೇರು ಇದೆ.

ರಾಯಚೂರು ಸೀಮೆಯಲ್ಲಿ ಕನ್ನಡದ ಅಚ್ಚಿಗೆ ಸಲೀಸಾದ ದಾರಿ ಎಂದೂ ಇರಲಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹಳೆಯ ಜಮೀನಿನ ಕಾಗದ ತೆಗೆದರೆ ಇಂದಿಗೂ ಉರ್ದು ಓದಬಲ್ಲವರನ್ನು ಹುಡುಕಬೇಕಾಗುತ್ತದೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಆಡಳಿತದ ಕಾಗದ ಕನ್ನಡಕ್ಕೆ ತಿರುಗಿತು. ಆ ಕಾಲದ ಮುದ್ರಣವೆಂದರೆ ಮೊಳೆ ಜೋಡಿಸಿ ಟ್ರೆಡಲ್ ಯಂತ್ರ ತುಳಿಯುವುದು. ಕನ್ನಡದ ಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಕಂಪೋಸಿಟರನ ಮುಂದೆ ನೂರಾರು ಮನೆಗಳ ಪೆಟ್ಟಿಗೆ ಬೇಕಾಗುತ್ತಿತ್ತು. ಒಂದು ಲಗ್ನಪತ್ರಿಕೆಗೆ ಅರ್ಧ ದಿನ, ಒಂದು ಪುಟ್ಟ ಪುಸ್ತಕಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು.

ಈ ಸೀಮೆಯಲ್ಲಿ ಅಚ್ಚಾಗಬೇಕಾದ ಸಾಹಿತ್ಯಕ್ಕೇನೂ ಕೊರತೆ ಇರಲಿಲ್ಲ. ವಿಜಯದಾಸರ ಚೀಕಲಪರ್ವಿ, ‘ಹರಿಕಥಾಮೃತಸಾರ’ದ ಜಗನ್ನಾಥದಾಸರ ಬ್ಯಾಗವಾಟ ಮಾನ್ವಿಯ ಕಡೆಯ ಊರುಗಳು, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಆರಾಧನೆಯ ಕರಪತ್ರ, ಭಜನೆಯ ಪುಸ್ತಿಕೆ, ಜಾತ್ರೆಯ ಭಿತ್ತಿಪತ್ರ, ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಗಲಾಟೆಯ ಮನವಿಪತ್ರ, ಕೋರ್ಟಿನ ಅರ್ಜಿ, ಮದುವೆಯ ಕರೆಯೋಲೆ ಎಲ್ಲವೂ ಮೊದಲು ಮೊಳೆಗೆ ಬಂದವು, ಆಮೇಲೆ ಕಂಪ್ಯೂಟರಿಗೆ.

ಡಿಟಿಪಿಯ ಕಥೆ ಶುರುವಾಗುವುದು 1985ರಲ್ಲಿ. ಅಮೆರಿಕದ ಆಲ್ಡಸ್ ಕಂಪನಿ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದದ್ದು ಆ ವರ್ಷ. 1994ರಲ್ಲಿ ಆಲ್ಡಸ್ ಅಡೋಬಿಯ ಪಾಲಾಯಿತು. 2001ರಲ್ಲಿ ಬಂದ ಪೇಜ್‌ಮೇಕರ್ 7 ಆ ಸಾಲಿನ ಕೊನೆಯ ದೊಡ್ಡ ಆವೃತ್ತಿ. ಕನ್ನಡದ ಮುದ್ರಣಾಲಯಗಳು ಅದನ್ನೇ ಹಿಡಿದುಕೊಂಡವು. ಆದರೆ ಪೇಜ್‌ಮೇಕರ್‌ಗೆ ಕನ್ನಡ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಕೆಲವು ಚಿಹ್ನೆಗಳು, ಒಟ್ಟು 256 ಮನೆಗಳಷ್ಟೇ. ಕನ್ನಡದವರು ಕಂಡುಕೊಂಡ ಉಪಾಯವೆಂದರೆ ಆ ಮನೆಗಳಲ್ಲಿ ಕನ್ನಡದ ಚೂರುಗಳನ್ನು ತುಂಬಿಸುವುದು.

ಪುಣೆಯ ಮಾಡ್ಯುಲರ್ ಇನ್ಫೊಟೆಕ್ ಶ್ರೀಲಿಪಿ ಮಾಡಿತು, ಬೆಂಗಳೂರಿನ ಸೈಬರ್‌ಸ್ಕೇಪ್ ಆಕೃತಿ ಮಾಡಿತು, ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ತಂತ್ರಜ್ಞಾನ ಕೊಟ್ಟಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು ಮನೆಮನೆಯ ಕಂಪ್ಯೂಟರಿಗೆ ಕನ್ನಡ ತಂದಿತು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಾಡೋಜ ಕೆ.ಪಿ. ರಾವ್, ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡ ಒತ್ತುವ ವಿನ್ಯಾಸ ರೂಪಿಸಿದರು. ಅದರ ಮೇಲೆ ಹಕ್ಕು ಸಾಧಿಸದೆ ನಾಡಿಗೆ ಬಿಟ್ಟುಕೊಟ್ಟರು. ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ‘ನುಡಿ’ ತಂತ್ರಾಂಶ ಸಿದ್ಧಪಡಿಸಿದಾಗ ಈ ಕೀಲಿಮಣೆಯೇ ಅದರ ಆಧಾರವಾಯಿತು. ನುಡಿ ಉಚಿತ, ಸರ್ಕಾರಿ ಕಚೇರಿಗಳಲ್ಲಿ ಅದೇ ಬಳಕೆ. ತಾಲ್ಲೂಕು ಕಚೇರಿಗೆ ಅರ್ಜಿ ಒಯ್ಯುವವರಿಗೆ ಟೈಪ್ ಮಾಡಿಕೊಡುವ ಅಂಗಡಿಯಲ್ಲೂ ಸಹಜವಾಗಿ ನುಡಿಯೇ ನಿಂತಿತು.

ಅದೇ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ರಾಜ್ಯದ ಅಂದಿನ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿತು. ಶಾಲೆ ಮೆಟ್ಟಿಲು ಹತ್ತದ ರೈತನೂ ತನ್ನ ಹೊಲದ ಸರ್ವೆ ನಂಬರನ್ನು ಕಂಪ್ಯೂಟರ್ ಅಕ್ಷರದಲ್ಲಿ ಕಂಡದ್ದು ಆಗಲೇ. ತಾಲ್ಲೂಕು ಕಚೇರಿಯ ಸುತ್ತ ಜೆರಾಕ್ಸ್, ಟೈಪಿಂಗ್, ಡಿಟಿಪಿ ಎಂಬ ಫಲಕಗಳು ಹೆಚ್ಚಿದ ಕಾಲವೂ ಅದೇ.

ಈಗ ಒಂದು ಪದವನ್ನು ಹತ್ತಿರದಿಂದ ನೋಡಬೇಕು: ಮಾನ್ವಿ.

ಕೆ.ಪಿ. ರಾವ್ ವಿನ್ಯಾಸದಲ್ಲಿ ಇದನ್ನು ಒತ್ತಲು ಆರು ಕೀಲಿ ಸಾಕು: ಎಂ, ಶಿಫ್ಟ್ ಹಿಡಿದು ಎ, ಎನ್, ಒತ್ತಕ್ಷರಕ್ಕೆ ಎಫ್, ವಿ, ಐ. ನುಡಿಯ ಹಳೆಯ ಫಾಂಟಿನಲ್ಲಿ ಕಡತದೊಳಗೆ ಉಳಿಯುವುದೂ ಆರೇ ತುಣುಕು. ಆದರೆ ಅವು ಮ, ನ, ವ ಎಂಬ ಅಕ್ಷರಗಳಲ್ಲ. ಮೊದಲನೆಯದು ತಲೆಕಟ್ಟಿಲ್ಲದ ‘ವ’ದ ಒಡಲು, ಎರಡನೆಯದು ತಲೆಕಟ್ಟು, ಮೂರನೆಯದು ಆ ‘ವ’ವನ್ನು ‘ಮ’ ಮಾಡುವ ಕೊಕ್ಕೆ, ನಾಲ್ಕನೆಯದು ದೀರ್ಘದ ಎಳೆ. ಐದನೆಯ ತುಣುಕಿನಲ್ಲಿ ಇಡೀ ‘ನಿ’ ಒಂದೇ ಅಚ್ಚಾಗಿ ಬರುತ್ತದೆ, ಆರನೆಯದು ಕೆಳಗೆ ಕೂರುವ ‘ವ’ ಒತ್ತು. ಹಳೆಯ ಕಂಪೋಸಿಟರನು ಮೊಳೆ ಜೋಡಿಸಿದಂತೆ ಇಲ್ಲಿ ಚಿತ್ರಗಳ ಜೋಡಣೆ ನಡೆದಿದೆ. ಫಾಂಟ್ ಇದ್ದರೆ ‘ಮಾನ್ವಿ’ ಕಾಣುತ್ತದೆ. ಫಾಂಟ್ ತೆಗೆದರೆ ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳೂ ನಡುವೆ ಒಂದು ನಾಣ್ಯದ ಗುರುತೂ ಉಳಿಯುತ್ತವೆ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡ ಇಲ್ಲ.

ಶ್ರೀಲಿಪಿಯ ಮನೆಗಳು ಬೇರೆ, ಆಕೃತಿಯವು ಬೇರೆ. ಒಂದರಲ್ಲಿ ಟೈಪಾದದ್ದು ಇನ್ನೊಂದರಲ್ಲಿ ಓದಲು ಬಾರದು. ಹಾಗಾಗಿ ಒಂದು ಅಂಗಡಿಯ ಹತ್ತು ವರ್ಷದ ಕೆಲಸವೆಂದರೆ ಒಂದು ಕಂಪನಿಯ ಫಾಂಟ್, ಅದನ್ನು ಒತ್ತಿಸುವ ತಂತ್ರಾಂಶ, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗದ ಕೀಲಿ, ಪೇಜ್‌ಮೇಕರ್, ಲೇಸರ್ ಪ್ರಿಂಟರಿನ ಡ್ರೈವರ್ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡ ಗಂಟು. ಆ ಗಂಟು ಅಲುಗಾಡದೆ ನಿಲ್ಲುತ್ತಿದ್ದ ನೆಲ ಎಕ್ಸ್‌ಪಿ.

2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ಎಕ್ಸ್‌ಪಿಗೆ 64 ಎಂಬಿ ರ‍್ಯಾಮ್ ಇದ್ದರೂ ಸಾಕಿತ್ತು, 128 ಇದ್ದರೆ ಒಳ್ಳೆಯದು ಎಂದು ಮೈಕ್ರೊಸಾಫ್ಟ್ ಹೇಳಿತ್ತು. ಸಾಮಾನ್ಯ ಬಳಕೆದಾರರಿಗೆ 2007ರ ಜನವರಿ 30ರಂದು ಸಿಕ್ಕ ವಿಸ್ತಾಗೆ ಕನಿಷ್ಠ 512 ಎಂಬಿ ಬೇಕು, ಚೆನ್ನಾಗಿ ನಡೆಯಲು 1 ಜಿಬಿ. ಜೋಡಿಸಿದ ಸಿಸ್ಟಂನಲ್ಲಿ ಪ್ರತಿ ಸಾವಿರ ರೂಪಾಯಿಗೂ ಲೆಕ್ಕ ಹಾಕುವ ಅಂಗಡಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಇನ್ನೂ ದೊಡ್ಡ ತೊಡಕು ಬೇರೆಡೆ ಇತ್ತು. ವಿಸ್ತಾ ಯಂತ್ರದ ವ್ಯವಸ್ಥೆಯನ್ನು ಮುಟ್ಟಹೊರಟ ತಂತ್ರಾಂಶವನ್ನು ಅನುಮಾನದಿಂದ ನೋಡಿ, ಬಳಕೆದಾರರ ಅನುಮತಿ ಕೇಳಿ ಮುಂದುವರಿಯುವ ಹೊಸ ಪದ್ಧತಿ ತಂದಿತು. ಭದ್ರತೆಗೆ ಅದು ಒಳ್ಳೆಯದೇ. ಆದರೆ ಇಡೀ ಯಂತ್ರ ತಮ್ಮದೇ ಎಂಬ ನಂಬಿಕೆಯಲ್ಲಿ ಬರೆದಿದ್ದ ಹಳೆಯ ತಂತ್ರಾಂಶಗಳು ಅಲ್ಲಿ ತಡವರಿಸಿದವು. ಪೇಜ್‌ಮೇಕರನ್ನು ವಿಸ್ತಾಗೆ ಒಗ್ಗಿಸುವ ಕೆಲಸಕ್ಕೆ ಅಡೋಬಿ ಕೈ ಹಾಕಲಿಲ್ಲ. ತನ್ನ ಹೊಸ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್‌ಗೆ ಬನ್ನಿ ಎಂದಿತು. ಅಂದಿನ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಲಿಪಿಗೂ ಸ್ವಂತ ಮನೆಗಳನ್ನು ಕೊಡುವ ಜಾಗತಿಕ ಸಂಕೇತ ಪದ್ಧತಿಯ ಕನ್ನಡ, ಸರಿಯಾಗಿ ಕೂರುತ್ತಿರಲಿಲ್ಲ. ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳಿಗೆ ಅದರಲ್ಲಿ ನೇರ ಬೆಂಬಲ ದೊರೆತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಆ ಐದು ವರ್ಷ ಅಂಗಡಿಯವರು ಎಲ್ಲಿಗೆ ಹೋಗಬೇಕಿತ್ತು? ಅವರು ಎಕ್ಸ್‌ಪಿಗೇ ಹೋದರು.

ಹೋಗುವ ದಾರಿ ಮಾತ್ರ ಸುಲಭವಿರಲಿಲ್ಲ. ಎಕ್ಸ್‌ಪಿಯ ಸಿಡಿ ಹಾಕಿ ಚಾಲೂ ಮಾಡಿದರೆ ಹೊಸ ಯಂತ್ರಗಳು ಸ್ವಲ್ಪ ಹೊತ್ತಿನಲ್ಲೇ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದ್ದವು. ಅದರ ಕೊನೆಯಲ್ಲಿ 7ಬಿ ಎಂಬ ದೋಷಸಂಖ್ಯೆ. ಕಾರಣವಿಷ್ಟೇ: ಹೊಸ ಮದರ್‌ಬೋರ್ಡ್‌ಗಳಲ್ಲಿ ಹಾರ್ಡ್‌ಡಿಸ್ಕ್ ಎಎಚ್‌ಸಿಐ ಎಂಬ ಹೊಸ ಕ್ರಮದಲ್ಲಿ ಮಾತಾಡುತ್ತಿತ್ತು, 2001ರ ಸಿಡಿಯಲ್ಲಿ ಆ ಭಾಷೆಯ ಡ್ರೈವರ್ ಇರಲಿಲ್ಲ. ಆಗ ಬಯೋಸ್‌ಗೆ ಹೋಗಿ ಎಎಚ್‌ಸಿಐ ಇದ್ದಲ್ಲಿ ಹಳೆಯ ಕ್ರಮವಾದ ಐಡಿಇ ಎಂದು ಬದಲಿಸಬೇಕು. ಇಲ್ಲವೇ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕು. ಹೊಸ ಯಂತ್ರದಲ್ಲಿ ಫ್ಲಾಪಿಗೆ ಜಾಗವೇ ಇರುತ್ತಿರಲಿಲ್ಲ. ಬಲ್ಲ ಹುಡುಗರು ಎನ್‌ಲೈಟ್ ಎಂಬ ತಂತ್ರಾಂಶದಿಂದ ಡ್ರೈವರ್‌ಗಳನ್ನು ಬೆರೆಸಿ ತಮ್ಮದೇ ಸಿಡಿ ಬರೆದಿಟ್ಟುಕೊಳ್ಳುತ್ತಿದ್ದರು.

ಅಷ್ಟು ದಾಟಿದರೆ ನೀಲಿ ಹಿನ್ನೆಲೆಯ ಬಿಳಿ ಅಕ್ಷರಗಳು. ಎಫ್8 ಒತ್ತಿ ಕರಾರಿಗೆ ಒಪ್ಪಿಗೆ, ಡಿ ಒತ್ತಿ ಹಳೆಯ ಪಾರ್ಟಿಷನ್ ತೆಗೆಯುವುದು, ಎಲ್ ಒತ್ತಿ ಅದನ್ನು ಖಚಿತಪಡಿಸುವುದು, ಎನ್‌ಟಿಎಫ್‌ಎಸ್ ಫಾರ್ಮ್ಯಾಟ್. ಮರುಚಾಲೂ ಆದ ಮೇಲೆ ಪರದೆಯ ಎಡಬದಿಯಲ್ಲಿ ‘ಇನ್ನು 39 ನಿಮಿಷ’ ಎಂಬ ಎಣಿಕೆ. ನಡುವೆ ಕರೆಂಟ್ ಹೋದರೆ ಕೆಲಸ ಕೆಡಬಹುದು; ಆದ್ದರಿಂದ ಯುಪಿಎಸ್ ಬ್ಯಾಟರಿ ನೋಡಿಕೊಂಡೇ ಕೂರಬೇಕು. 25 ಅಕ್ಷರಗಳ ಕೀಲಿ ಕೊಟ್ಟು, ಹಸಿರು ಗುಡ್ಡದ ಮೇಲೆ ನೀಲಿ ಆಕಾಶದ ಚಿತ್ರ ಮೂಡಿದರೂ ಕೆಲಸ ಮುಗಿಯದು. ಚಿಪ್‌ಸೆಟ್, ಡಿಸ್‌ಪ್ಲೇ, ಸೌಂಡ್, ಲ್ಯಾನ್ ಒಂದೊಂದಕ್ಕೂ ಎಕ್ಸ್‌ಪಿಗೆ ಹೊಂದುವ ಡ್ರೈವರ್ ಹುಡುಕಬೇಕು. ಕೊನೆಗೆ ನುಡಿ, ಪೇಜ್‌ಮೇಕರ್, ಫಾಂಟುಗಳು, ಪ್ರಿಂಟರ್. ಬಟರ್ ಪೇಪರ್ ಮೇಲೆ ಮೊದಲ ಪ್ರಿಂಟ್ ಒತ್ತಕ್ಷರ ಜಾರದೆ ಬಂದಾಗ ಮಾತ್ರ ಸಿಸ್ಟಂ ತಯಾರಾಯಿತು ಎನ್ನುತ್ತಿದ್ದರು.

ಹೀಗೆ ಹಿಂದಕ್ಕೆ ಹೋಗುವುದು ಕಾನೂನಿನಲ್ಲೂ ಇತ್ತು. ವಿಸ್ತಾದ ಬಿಸಿನೆಸ್ ಮತ್ತು ಅಲ್ಟಿಮೇಟ್ ಆವೃತ್ತಿ ಕೊಂಡವರು ಅದೇ ಪರವಾನಗಿಯಲ್ಲಿ ಎಕ್ಸ್‌ಪಿ ಪ್ರೊಫೆಷನಲ್ ಬಳಸಬಹುದೆಂದು ಮೈಕ್ರೊಸಾಫ್ಟ್ ಒಪ್ಪಿತ್ತು. ವಿಂಡೋಸ್ 7ರ ಪ್ರೊಫೆಷನಲ್ ಕೊಂಡವರಿಗೂ ಈ ಸೌಲಭ್ಯ ಮುಂದುವರಿಯಿತು. ಎಕ್ಸ್‌ಪಿಯ ಬಿಡಿ ಮಾರಾಟ 2008ರ ಜೂನ್ 30ಕ್ಕೆ ನಿಂತ ಮೇಲೂ ಜಗತ್ತಿನ ಕಂಪನಿಗಳು ಈ ದಾರಿಯಲ್ಲಿ ಎಕ್ಸ್‌ಪಿ ಉಳಿಸಿಕೊಂಡವು. ಆದರೆ ಅಗ್ಗದ ಹೋಮ್ ಆವೃತ್ತಿ ಕೊಂಡವರಿಗೆ ಆ ಹಕ್ಕು ಇರಲಿಲ್ಲ. ಸಣ್ಣ ಅಂಗಡಿಗಳಿಗೆ ಬರುತ್ತಿದ್ದ ಯಂತ್ರಗಳಲ್ಲಿ ಅದೇ ಹೆಚ್ಚು. ಹಾಗಾಗಿ ನಕಲು ಮಾಡಿದ ಸಿಡಿ ಊರೂರು ಸುತ್ತಿತು. ಇದನ್ನು ಮುಚ್ಚಿಡಬೇಕಾಗಿಲ್ಲ, ಸಮರ್ಥಿಸಬೇಕಾಗಿಯೂ ಇಲ್ಲ. ತಾಲ್ಲೂಕು ಮಟ್ಟದ ಕನ್ನಡ ಮುದ್ರಣಕ್ಕೆ ಕೈಗೆಟುಕುವ ನ್ಯಾಯವಾದ ದಾರಿಯನ್ನು ಯಾರೂ ಕಟ್ಟಿಕೊಡಲಿಲ್ಲ ಎಂಬುದೂ ಅಷ್ಟೇ ನಿಜ.

ಕಾಲ ಕಳೆದಂತೆ ಹಿಂದಿರುಗುವ ಬಾಗಿಲು ಕಿರಿದಾಯಿತು. 64 ಬಿಟ್ ವಿಂಡೋಸ್ ಹಳೆಯ 16 ಬಿಟ್ ತಂತ್ರಾಂಶಗಳನ್ನು ನಡೆಸುವುದಿಲ್ಲ, ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ಹಳೆಯ ಡಾಂಗಲ್‌ಗಳು ಸೋತದ್ದು ಇಲ್ಲಿ. 2012ರ ಅಕ್ಟೋಬರ್ 26ಕ್ಕೆ ಬಂದ ವಿಂಡೋಸ್ 8ರ ಯಂತ್ರಗಳಲ್ಲಿ ಬಯೋಸ್ ಬದಲು ಯುಇಎಫ್‌ಐ ಇತ್ತು, ಜೊತೆಗೆ ಸೆಕ್ಯೂರ್ ಬೂಟ್ ಎಂಬ ಕಾವಲು. ಅದನ್ನು ಆರಿಸಿ, ಲೆಗಸಿ ಕ್ರಮಕ್ಕೆ ತಿರುಗಿಸಿ, ಡಿಸ್ಕಿನ ವಿಭಾಗ ಪದ್ಧತಿಯನ್ನು ಜಿಪಿಟಿಯಿಂದ ಎಂಬಿಆರ್‌ಗೆ ಬದಲಿಸಿದರಷ್ಟೇ ಎಕ್ಸ್‌ಪಿಗೆ ಜಾಗ. ಅಷ್ಟಾದರೂ ಹೊಸ ಚಿಪ್‌ಗಳಿಗೆ ಎಕ್ಸ್‌ಪಿಯ ಡ್ರೈವರ್‌ಗಳೇ ತಯಾರಾಗುತ್ತಿರಲಿಲ್ಲ. ಹಿಂದಿರುಗುವವರ ಗುರಿ ಆಗ ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ಸರಿಯಿತು. ಅಲ್ಲೂ ಇಂಟೆಲ್‌ನ ಸ್ಕೈಲೇಕ್ ಪೀಳಿಗೆಯ ಯಂತ್ರಗಳಲ್ಲಿ ವಿಂಡೋಸ್ 7 ಹಾಕಲು ಹೋದರೆ ಯುಎಸ್‌ಬಿ 3ರ ಡ್ರೈವರ್ ಇಲ್ಲದೆ ಕೀಲಿಮಣೆ, ಮೌಸ್ ಎರಡೂ ಸತ್ತುಬಿಡುತ್ತಿದ್ದವು. ಎಷ್ಟೋ ಅಂಗಡಿಯವರು ಹೊಸ ಯಂತ್ರವನ್ನು ಆನ್‌ಲೈನ್ ಅರ್ಜಿಗಳಿಗೆ ಇಟ್ಟುಕೊಂಡು, ಹಳೆಯ ಎಕ್ಸ್‌ಪಿ ಯಂತ್ರವನ್ನು ಇಂಟರ್‌ನೆಟ್ಟಿಲ್ಲದೆ ಮೂಲೆಯಲ್ಲಿ ಕನ್ನಡಕ್ಕಾಗಿ ಕಾಯ್ದುಕೊಂಡರು.

2014ರ ಏಪ್ರಿಲ್ 8ರಂದು ಎಕ್ಸ್‌ಪಿಗೆ ಮೈಕ್ರೊಸಾಫ್ಟಿನ ಬೆಂಬಲ ಮುಗಿಯಿತು. ಹಳೆಯದನ್ನು ಬಿಡಲಾಗದ ಕಷ್ಟ ಸಣ್ಣ ಅಂಗಡಿಯದು ಮಾತ್ರ ಆಗಿರಲಿಲ್ಲ. ಬ್ರಿಟನ್ ಸರ್ಕಾರ ಇನ್ನೊಂದು ವರ್ಷದ ರಕ್ಷಣೆಗೆ ಮೈಕ್ರೊಸಾಫ್ಟಿಗೆ 55 ಲಕ್ಷ ಪೌಂಡ್ ಕೊಟ್ಟಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನು ನಿಲ್ಲಿಸಿದಾಗ ಮೈಕ್ರೊಸಾಫ್ಟ್ ತಾನು ಕೈಬಿಟ್ಟಿದ್ದ ಎಕ್ಸ್‌ಪಿಗೂ ತೇಪೆ ಹೊರಡಿಸಬೇಕಾಯಿತು. ಭಾರತದ ಎಟಿಎಂಗಳಲ್ಲೂ ಎಕ್ಸ್‌ಪಿ ಇದ್ದುದರಿಂದ ರಿಸರ್ವ್ ಬ್ಯಾಂಕ್ 2018ರ ಜೂನ್‌ನಲ್ಲಿ ಆದೇಶ ಹೊರಡಿಸಿ, 2019ರ ಜೂನ್ ಒಳಗೆ ಎಲ್ಲವನ್ನೂ ಬದಲಿಸುವಂತೆ ಬ್ಯಾಂಕುಗಳಿಗೆ ಗಡುವು ಕೊಟ್ಟಿತು.

ಈ ಇತಿಹಾಸದಲ್ಲಿ ಒಂದು ನೋವಿನ ಅಂಶವಿದೆ. ಪರಿಹಾರ ಅದೇ ಎಕ್ಸ್‌ಪಿಯೊಳಗೆ ಮೊದಲ ದಿನದಿಂದಲೂ ಇತ್ತು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಜಾಗ ಸಿಕ್ಕಿತ್ತು. ಕನ್ನಡ ಯೂನಿಕೋಡ್ ಬೆಂಬಲ ಮತ್ತು ‘ತುಂಗಾ’ ಫಾಂಟ್ ವಿಂಡೋಸ್‌ಗೆ ಬಂದದ್ದು ಎಕ್ಸ್‌ಪಿಯ ಜೊತೆಗೆ. ಯೂನಿಕೋಡಿನಲ್ಲೂ ‘ಮಾನ್ವಿ’ಗೆ ಆರೇ ತುಣುಕು. ಆದರೆ ಇಲ್ಲಿ ಅವು ಮ, ದೀರ್ಘ, ನ, ಅರ್ಧಾಕ್ಷರದ ಗುರುತು, ವ, ಗುಡಿಸು. ಯಾವ ಫಾಂಟ್ ತೆಗೆದರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ, ಮೊಬೈಲಿನಲ್ಲೂ ತೆರೆಯುತ್ತದೆ. ಮುದ್ರಣದ ತಂತ್ರಾಂಶಗಳು ಅದನ್ನು ಒಪ್ಪಿಕೊಳ್ಳಲು ತಡಮಾಡಿದವು, ಕಚೇರಿಗಳು ಇನ್ನೂ ತಡಮಾಡಿದವು. ಆ ವಿಳಂಬದ ಬೆಲೆಯನ್ನು ತೆತ್ತವರು ಅಕ್ಷರ ಜೋಡಿಸುವ ಜನ.

ಹಳೆಯ ಕಡತಗಳನ್ನು ಬಿಡಿಸಿಕೊಳ್ಳುವುದು ಸಾಧ್ಯ ಎಂಬುದಕ್ಕೆ ಉದಾಹರಣೆ ಕಣ್ಣ ಮುಂದಿದೆ. ‘ವಚನ ಸಂಚಯ’ ಜಾಲತಾಣದ ಬಳಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ, ಪದ ಪದಕ್ಕೂ ಹುಡುಕಲು ಬರುವಂತೆ ಕೊಟ್ಟಿದೆ. ದಾಸ ಸಾಹಿತ್ಯಕ್ಕೂ ಅಂಥದೇ ಕೆಲಸ ನಡೆದಿದೆ. ನುಡಿ, ಬರಹದ ಹಳೆಯ ಅಕ್ಷರವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪೇಜ್‌ಮೇಕರ್ ಕಡತಗಳನ್ನು ಇನ್‌ಡಿಸೈನ್‌ನ ಸಿಎಸ್6ವರೆಗಿನ ಆವೃತ್ತಿಗಳು ತೆರೆಯುತ್ತವೆ. ಲಿಬ್ರೆಆಫೀಸ್ ಕೂಡ 2015ರ 4.4ನೇ ಆವೃತ್ತಿಯಿಂದ ಅವನ್ನು ಓದುತ್ತದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಪರಿವರ್ತನೆಯಾದ ಮೇಲೆ ಒಮ್ಮೆ ಪ್ರೂಫ್ ನೋಡಲೇಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ‘ಕಾರ್ಯ’, ‘ಧರ್ಮ’ದಂಥ ಪದಗಳು ಎಡವುವುದು ಅಲ್ಲೇ. ಅಂಕಿಗಳ ಮೇಲೂ ಕಣ್ಣಿರಬೇಕು.

ಈಗ ಚಕ್ರ ಮತ್ತೆ ತಿರುಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದಿದೆ. ಹಳೆಯ ಎಕ್ಸ್‌ಪಿ ಯಂತ್ರಗಳಿಗೆ ಹದಿನೈದು, ಇಪ್ಪತ್ತು ವರ್ಷ ವಯಸ್ಸಾಗಿದೆ. ಅವುಗಳ ಹಾರ್ಡ್‌ಡಿಸ್ಕ್ ಇನ್ನೆಷ್ಟು ದಿನ ತಿರುಗೀತು ಎಂದು ಯಾರೂ ಹೇಳಲಾರರು. ಮಾನ್ವಿ, ದೇವದುರ್ಗ, ರಾಯಚೂರಿನಲ್ಲಿ ಅಂಥದೊಂದು ಯಂತ್ರ ಇಟ್ಟುಕೊಂಡಿರುವ ಮುದ್ರಕರು, ಸ್ಮರಣ ಸಂಚಿಕೆ ತಂದ ಸಂಘಗಳು, ಭಜನಾ ಪುಸ್ತಕ ಅಚ್ಚು ಹಾಕಿಸಿದ ಮಠ ಮಂದಿರಗಳು ಈ ವರ್ಷವೇ ಒಂದು ಕೆಲಸ ಮಾಡಬೇಕು. ಮೊದಲು ಆ ಡಿಸ್ಕಿನ ಎರಡು ಪ್ರತಿ ತೆಗೆದಿಡಿ. ಕಡತಗಳ ಜೊತೆ ಫಾಂಟ್‌ಗಳನ್ನೂ ಉಳಿಸಿ, ಅವಿಲ್ಲದೆ ಕಡತ ಮೂಕ. ಆಮೇಲೆ ಊರಿನ ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಒಂದೊಂದನ್ನೇ ಯೂನಿಕೋಡಿಗೆ ತನ್ನಿ.